ಉಪವಾಸದ ನಡುವೆ ಬರುವ ಹಬ್ಬ: ಐರ್ಲೆಂಡಿನ ಮನೆಗಳಲ್ಲಿ ಸಂತ ಪ್ಯಾಟ್ರಿಕರ ದಿನದ ಊಟ ಮತ್ತು ಸಿಹಿ

ಮಾರ್ಚ್ 17 ಸಂತ ಪ್ಯಾಟ್ರಿಕರ ಹಬ್ಬ. ಐರ್ಲೆಂಡ್ ದೇಶದ ಪಾಲಕ ಸಂತರಾದ ಇವರ ಹೆಸರಿನಲ್ಲಿ ಆ ದಿನ ಲೋಕದ ಎಷ್ಟೋ ನಗರಗಳಲ್ಲಿ ಮೆರವಣಿಗೆ ನಡೆಯುತ್ತದೆ. ಜನರು ಹಸಿರು ಬಟ್ಟೆ, ಹಸಿರು ಟೋಪಿ ತೊಟ್ಟು ಬೀದಿಗೆ ಇಳಿಯುತ್ತಾರೆ. ಅಮೆರಿಕದ ಶಿಕಾಗೋ ನಗರದಲ್ಲಿ 1962ರಿಂದ ನದಿಯ ನೀರಿಗೇ ಹಸಿರು ಬಣ್ಣ ಹಾಕುವ ರೂಢಿಯಿದೆ. ಟಿ.ವಿ.ಯಲ್ಲಿ ನಾವು ನೋಡುವ ಸಂತ ಪ್ಯಾಟ್ರಿಕರ ಹಬ್ಬ ಇಷ್ಟೇ.

ಈ ಶತಮಾನದ ಆರಂಭದಿಂದ ಐರ್ಲೆಂಡಿನ ಆಸ್ಪತ್ರೆಗಳು ಭಾರತದಿಂದ ದಾದಿಯರನ್ನು ಕರೆಸಿಕೊಳ್ಳುತ್ತಿವೆ. ನಮ್ಮ ಕರಾವಳಿಯ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ನಮ್ಮೂರ ಕಡೆಯ ದಾದಿಯೊಬ್ಬರು ಫೋನ್ ಮಾಡಿ, "ಫಾದರ್, ಮಗಳ ಶಾಲೆಯಲ್ಲಿ ಸಂತ ಪ್ಯಾಟ್ರಿಕರ ಹಬ್ಬಕ್ಕೆ ಮನೆಯಲ್ಲೇ ಮಾಡಿದ ಸಿಹಿ ಏನಾದರೂ ತರಬೇಕಂತೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಎಲ್ಲ ಹಸಿರು ಬಣ್ಣದ ಕೇಕು. ಆಶ್ರಮದ ಅಜ್ಜಿಯರಲ್ಲಿ ಕೇಳಿದರೆ, ಅದು ಅಮೆರಿಕದವರದ್ದು ಎಂದು ನಗುತ್ತಾರೆ. ನಿಜಕ್ಕೂ ಇವರ ಮನೆಗಳಲ್ಲಿ ಏನು ಮಾಡುತ್ತಿದ್ದರು?" ಎಂದು ಕೇಳಿದರು. ಸಂತರ ಚರಿತ್ರೆಯನ್ನು ಕೇಳಿದ್ದರೆ ಅಲ್ಲಿಯೇ ಉತ್ತರ ಕೊಡುತ್ತಿದ್ದೆ. ಅಡುಗೆಯ ವಿಚಾರವಾದ್ದರಿಂದ ಸ್ವಲ್ಪ ಓದಬೇಕಾಯಿತು. ಓದಿದ್ದನ್ನು ಇಲ್ಲಿ ಓದುಗರೊಂದಿಗೂ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಸಂತರ ಕುರಿತೇ ಒಂದು ಮಾತು. 5ನೇ ಶತಮಾನದಲ್ಲಿ ಬಾಳಿದ ಪ್ಯಾಟ್ರಿಕರು ಹುಟ್ಟಿನಿಂದ ಐರಿಷ್ ಅಲ್ಲ, ಬ್ರಿಟನ್ನಿನವರು. ಹದಿನಾರರ ಹರೆಯದಲ್ಲಿ ಐರಿಷ್ ದಾಳಿಕೋರರ ಕೈಗೆ ಸಿಕ್ಕಿ, ಗುಲಾಮರಾಗಿ, ಆರು ವರ್ಷ ಕುರಿ ಕಾದರು. ಮುಂದೆ ತಪ್ಪಿಸಿಕೊಂಡು ಹೋಗಿ, ಧರ್ಮಾಧ್ಯಕ್ಷರಾಗಿ, ತಮ್ಮನ್ನು ಗುಲಾಮರನ್ನಾಗಿ ಮಾಡಿದ ನಾಡಿಗೇ ಸುವಾರ್ತೆ ಹೊತ್ತು ಮರಳಿದರು. ಈ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ಅವರು ಲತೀನಿನಲ್ಲಿ ಬರೆದಿಟ್ಟ 'ಕನ್ಫೆಸ್ಸಿಯೊ' ಎಂಬ ಆತ್ಮನಿವೇದನೆಯಲ್ಲಿ ಹಸಿವಿನ ಪ್ರಸಂಗವೊಂದು ಬರುತ್ತದೆ. ಹಡಗಿನಿಂದ ಇಳಿದವರು 28 ದಿನ ನಿರ್ಜನ ಪ್ರದೇಶದಲ್ಲಿ ನಡೆದರು, ಆಹಾರ ಮುಗಿಯಿತು. ನಿನ್ನ ದೇವರು ಅಷ್ಟು ದೊಡ್ಡವನಾದರೆ ನಮಗಾಗಿ ಪ್ರಾರ್ಥಿಸಬಾರದೇಕೆ ಎಂದು ಹಡಗಿನ ಯಜಮಾನ ಕೇಳಿದ. ಪ್ಯಾಟ್ರಿಕರು ಪ್ರಾರ್ಥಿಸಿದರು. ದಾರಿಯಲ್ಲಿ ಹಂದಿಗಳ ಹಿಂಡು ಎದುರಾಯಿತು, ಎಲ್ಲರೂ ಹೊಟ್ಟೆ ತುಂಬ ಉಂಡರು. ಆಮೇಲೆ ಕಾಡುಜೇನೂ ಸಿಕ್ಕಿತು. ಅದನ್ನು ಕೊಟ್ಟವರಲ್ಲಿ ಒಬ್ಬ, ಇದು ನೈವೇದ್ಯ ಎಂದುಬಿಟ್ಟ. ಅನ್ಯದೇವರಿಗೆ ಅರ್ಪಿತವಾದದ್ದೆಂದು ಪ್ಯಾಟ್ರಿಕರು ಆ ಸಿಹಿಯನ್ನು ನಾಲಿಗೆಗೂ ಸೋಕಿಸಲಿಲ್ಲ. ಹಸಿದವರಿಗೆ ಹಂದಿಮಾಂಸ ಸಿಕ್ಕಿತು, ಸಂತರು ಜೇನನ್ನು ಬಿಟ್ಟರು. ಐರಿಷರ ಹಬ್ಬದ ಊಟದಲ್ಲಿಯೂ ಸಿಹಿಯನ್ನು ಬಿಡುವುದು ಮತ್ತು ಮತ್ತೆ ಪಡೆಯುವುದು ದೊಡ್ಡ ಸಂಗತಿ. ಇದು ಕಾಕತಾಳೀಯವೇ ಇರಬಹುದು, ಆದರೆ ನನಗೆ ಇಷ್ಟವಾಯಿತು.

(ಮೂರೆಲೆಯ ಶ್ಯಾಮ್‌ರಾಕ್ ಸೊಪ್ಪನ್ನು ಹಿಡಿದು ಅವರು ಪವಿತ್ರ ತ್ರಿತ್ವವನ್ನು ವಿವರಿಸಿದರೆಂಬ ಕಥೆ ಅವರ ಬರಹದಲ್ಲಿ ಎಲ್ಲಿಯೂ ಇಲ್ಲ. ಅದು ಮುದ್ರಣದಲ್ಲಿ ಕಾಣಿಸಿಕೊಂಡದ್ದು 18ನೇ ಶತಮಾನದಲ್ಲಿ. ಧರ್ಮೋಪದೇಶದ ತರಗತಿಯಲ್ಲಿ ನಾನೂ ಅದನ್ನು ಹೇಳಿದ್ದೇನೆ, ಮುಂದೆಯೂ ಹೇಳುವೆನೇನೋ.)

ಇನ್ನು ಊಟದ ವಿಚಾರ. ಈ ಹಬ್ಬವನ್ನು ಅರ್ಥಮಾಡಿಕೊಳ್ಳಲು ಕ್ಯಾಲೆಂಡರ್ ನೋಡಬೇಕು. ಬೂದಿ ಬುಧವಾರ ಎಷ್ಟು ತಡವಾದರೂ ಮಾರ್ಚ್ 10ನ್ನು ದಾಟುವುದಿಲ್ಲ. ಈಸ್ಟರ್ ಎಷ್ಟು ಬೇಗ ಬಂದರೂ ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ. ಎಂದರೆ ಮಾರ್ಚ್ 17 ಯಾವ ವರ್ಷವೂ ತಪಸ್ಸುಕಾಲದ ಒಳಗೇ ಬೀಳುತ್ತದೆ. ಸಂತ ಪ್ಯಾಟ್ರಿಕರ ಹಬ್ಬಕ್ಕೆ ಉಪವಾಸ ಕಾಲದ ಹೊರಗೆ ಜಾಗವೇ ಇಲ್ಲ. ಅದು ಪವಿತ್ರ ವಾರದಲ್ಲಿ ಬಿದ್ದರಂತೂ ಧರ್ಮಸಭೆ ಹಬ್ಬವನ್ನೇ ಬೇರೆ ದಿನಕ್ಕೆ ಸರಿಸುತ್ತದೆ. 1940ರಲ್ಲಿ ಗರಿಗಳ ಭಾನುವಾರದ ಕಾರಣ ಅದು ಏಪ್ರಿಲ್ 3ಕ್ಕೆ ಹೋಯಿತು. 2008ರಲ್ಲಿ ಪವಿತ್ರ ವಾರದ ಸೋಮವಾರ ಎದುರಾದ್ದರಿಂದ ಐರ್ಲೆಂಡಿನಲ್ಲಿ ಮಾರ್ಚ್ 15ರಂದೇ ಬಲಿಪೂಜೆ ನಡೆಯಿತು. ಇಂಥದ್ದು ಇನ್ನು ಎದುರಾಗುವುದು 2160ರಲ್ಲಿ. ಆಗ ಯಾರು ಸಂಪಾದಕರಾಗಿರುತ್ತಾರೋ ಅವರು ಬರೆಯಲಿ.

ಹಳೆಯ ಐರ್ಲೆಂಡಿನ ತಪಸ್ಸುಕಾಲ ಇಂದಿನಂತೆ ಸುಲಭದ್ದಲ್ಲ. ಒಂದು ಕಾಲದಲ್ಲಿ ಮಾಂಸ ಮಾತ್ರವಲ್ಲ, ಮೊಟ್ಟೆ, ಹಾಲು, ಬೆಣ್ಣೆಗಳನ್ನೂ ಬಿಡುತ್ತಿದ್ದರು. ಅದಕ್ಕಾಗಿಯೇ ಬೂದಿ ಬುಧವಾರದ ಹಿಂದಿನ ಮಂಗಳವಾರ ಮನೆಯಲ್ಲಿ ಉಳಿದ ಹಾಲು, ಮೊಟ್ಟೆ, ಬೆಣ್ಣೆಯನ್ನೆಲ್ಲ ಸೇರಿಸಿ ಪ್ಯಾನ್‌ಕೇಕ್ ಹೊಯ್ದು ಮುಗಿಸುತ್ತಿದ್ದರು. ನಿಯಮ ಸಡಿಲವಾದ ಮೇಲೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಹಾಲಿಲ್ಲದ ಚಹಾ, ಒಣ ಬ್ರೆಡ್ಡು ಮಾತ್ರ ಸೇವಿಸುವ ಮನೆಗಳಿದ್ದವು. ಉಳಿದ ದಿನಗಳಲ್ಲಿ ಬಟಾಟೆ ಮತ್ತು ಉಪ್ಪು ಹಾಕಿದ ಹೆರಿಂಗ್ ಮೀನು. ಹೆರಿಂಗ್ ನಮ್ಮ ಬೂತಾಯಿಯ ಸಂಬಂಧಿ. ನಮಗೆ ಮೀನೆಂದರೆ ಪ್ರಾಣ. ಅವರಿಗೆ ಆರು ವಾರ ಅದನ್ನೇ ತಿಂದು ಎಷ್ಟು ಬೇಸರವಾಗುತ್ತಿತ್ತೆಂದರೆ, ತಪಸ್ಸುಕಾಲ ಮುಗಿದೊಡನೆ ಕೆಲವು ಊರುಗಳ ಮಾಂಸದ ವ್ಯಾಪಾರಿಗಳು ಒಂದು ಹೆರಿಂಗನ್ನು ಕೋಲಿಗೆ ಕಟ್ಟಿ, ಬೀದಿಯಲ್ಲಿ ಬಡಿಯುತ್ತಾ ಮೆರವಣಿಗೆ ಮಾಡಿ ನೀರಿಗೆ ಎಸೆಯುತ್ತಿದ್ದರು.

ಇಷ್ಟು ಕಠಿಣ ಕಾಲದ ಮಧ್ಯದಲ್ಲಿ ಒಂದೇ ಒಂದು ದಿನ ಬಾಗಿಲು ತೆರೆಯುತ್ತಿತ್ತು. ಸಂತ ಪ್ಯಾಟ್ರಿಕರ ದಿನ ಬೆಳಿಗ್ಗೆ ಅಂಗಿಗೆ ಶ್ಯಾಮ್‌ರಾಕ್ ಸಿಕ್ಕಿಸಿಕೊಂಡು ಬಲಿಪೂಜೆಗೆ ಹೋಗಿ ಬಂದರೆ ಮಧ್ಯಾಹ್ನ ಮಾಂಸದ ಊಟ. ಮಕ್ಕಳಿಗಂತೂ ಅದಕ್ಕಿಂತ ದೊಡ್ಡದು ಬೇರೆ ಇತ್ತು. ಐರ್ಲೆಂಡಿನಲ್ಲಿ ಮಕ್ಕಳು ತಪಸ್ಸುಕಾಲಕ್ಕೆ ಮಿಠಾಯಿ, ಚಾಕಲೇಟು ಬಿಡುವುದು ಸಾಮಾನ್ಯ. ಯಾರಾದರೂ ಕೊಟ್ಟರೆ ತಿನ್ನದೆ ಡಬ್ಬಿಯಲ್ಲಿ ಕೂಡಿಡಬೇಕು. ಸಂತ ಪ್ಯಾಟ್ರಿಕರ ದಿನ ಮಾತ್ರ ಆ ಡಬ್ಬಿ ತೆರೆಯಲು ಅನುಮತಿ. ಮರುದಿನ ಬೆಳಿಗ್ಗೆ ಮತ್ತೆ ಮುಚ್ಚಳ. ಇಂದು ಅರುವತ್ತು ದಾಟಿದ ಐರಿಷರನ್ನು ಹಬ್ಬದ ಸಿಹಿ ಯಾವುದು ಎಂದು ಕೇಳಿದರೆ ಅನೇಕರಿಗೆ ನೆನಪಾಗುವುದು ಕೇಕಲ್ಲ, ಆ ಡಬ್ಬಿ. ದಾದಿಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ: ಕ್ರಿಸ್ಮಸ್ಸಿಗೆ ಪುಡ್ಡಿಂಗ್ ಇರುವಂತೆ ಈ ದಿನಕ್ಕೆಂದೇ ನಿಗದಿಯಾದ ಸಿಹಿ ಐರ್ಲೆಂಡಿನಲ್ಲಿ ಇಲ್ಲ. ಬಿಟ್ಟಿದ್ದ ಸಿಹಿ ಯಾವುದೋ ಅದೇ ಆ ದಿನದ ಸಿಹಿ.

ದೊಡ್ಡವರಿಗೂ ಅಂಥ ಒಂದು ಅನುಮತಿ ಇತ್ತು, 'ಪ್ಯಾಟ್ರಿಕರ ಪಾತ್ರೆ' ಎಂಬ ಹೆಸರಿನಲ್ಲಿ ಒಂದು ಲೋಟ ಮದ್ಯ. ಒಂದು ಲೋಟ ಹಲವಾಗುವುದು ಎಲ್ಲ ಊರಿನಲ್ಲೂ ಇದ್ದದ್ದೇ. 1903ರಲ್ಲಿ ಸಾರ್ವಜನಿಕ ರಜೆಯಾದ ಈ ದಿನ, 1927ರ ಕಾನೂನಿನ ಮೇರೆಗೆ ಐರ್ಲೆಂಡಿನಲ್ಲಿ ಮದ್ಯದಂಗಡಿಗಳು ಮುಚ್ಚಿರುತ್ತಿದ್ದವು. 1960ರ ದಶಕದ ಆರಂಭದವರೆಗೂ ಹಾಗೆಯೇ ಇತ್ತು. ಲೋಕವೆಲ್ಲ ಕುಡಿತದ ಹಬ್ಬವೆಂದು ತಿಳಿದಿರುವ ದಿನ ಆ ದೇಶದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಒಣ ದಿನವಾಗಿತ್ತು ಎಂದರೆ ಯಾರೂ ನಂಬುವುದಿಲ್ಲ.

ಮಾಂಸದ ಊಟವೆಂದರೆ ಯಾವ ಮಾಂಸ? ಅಮೆರಿಕದಲ್ಲಿ ಕೇಳಿದರೆ ಕಾರ್ನ್ಡ್ ಬೀಫ್ ಮತ್ತು ಕ್ಯಾಬೇಜು ಎನ್ನುತ್ತಾರೆ. ಮಾರ್ಚ್ 17 ಶುಕ್ರವಾರ ಬಂದ 2017 ಮತ್ತು 2023ರಲ್ಲಿ ಅಲ್ಲಿನ ಹಲವು ಧರ್ಮಾಧ್ಯಕ್ಷರು ಮಾಂಸವರ್ಜನದಿಂದ ವಿನಾಯಿತಿಯನ್ನೇ ಕೊಟ್ಟರು. ಐರ್ಲೆಂಡಿನಲ್ಲಿ ಇದು ಮಹೋತ್ಸವದ ದರ್ಜೆಯ ಹಬ್ಬವಾದ್ದರಿಂದ ಆ ವಿನಾಯಿತಿಯ ಅಗತ್ಯವೇ ಬೀಳುವುದಿಲ್ಲ. ಆದರೆ ಐರ್ಲೆಂಡಿನ ಹಳ್ಳಿಯಲ್ಲಿ ಕೇಳಿದರೆ ಹಬ್ಬದ ಊಟ ಉಪ್ಪೂರಿಸಿದ ಹಂದಿಮಾಂಸ, ಅಂದರೆ ಬೇಕನ್. ಅದೇ ನೀರಿನಲ್ಲಿ ಬೇಯಿಸಿದ ಕ್ಯಾಬೇಜು, ಬಟಾಟೆ, ಮೇಲೆ ಪಾರ್ಸ್ಲಿ ಸೊಪ್ಪಿನ ಬಿಳಿ ಸಾಸ್.

ಈ ವ್ಯತ್ಯಾಸದ ಹಿಂದೆ ಒಂದು ನೋವಿನ ಚರಿತ್ರೆಯಿದೆ. ಐರ್ಲೆಂಡಿನ ಬಡವರು ದನ ಸಾಕುತ್ತಿದ್ದುದು ಹಾಲು ಬೆಣ್ಣೆಗಾಗಿ. 1660ರ ದಶಕದಲ್ಲಿ ಇಂಗ್ಲೆಂಡು ಐರಿಷ್ ದನಗಳ ಆಮದನ್ನು ಕಾನೂನಿನಿಂದ ನಿಲ್ಲಿಸಿತು. ಜೀವಂತ ದನ ಕಳಿಸುವಂತಿಲ್ಲವಾದ್ದರಿಂದ ವ್ಯಾಪಾರಿಗಳು ಮಾಂಸವನ್ನು ಉಪ್ಪಿನಲ್ಲಿಟ್ಟು ಪೀಪಾಯಿಗಳಲ್ಲಿ ಕಳಿಸತೊಡಗಿದರು. ಬಳಸುತ್ತಿದ್ದ ಉಪ್ಪು ಕಾಳಿನಷ್ಟು ದಪ್ಪ. ಕಾರ್ನ್ ಎಂದರೆ ಕಾಳು, ಅದರಿಂದಲೇ ಆ ಹೆಸರು. ಕಾರ್ಕ್ ಬಂದರಿನಿಂದ ಈ ಮಾಂಸ ಬ್ರಿಟಿಷ್ ನೌಕಾಪಡೆಗೆ ಹೋಯಿತು, ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಗೆ ಹೋಯಿತು. ಅದನ್ನು ತಯಾರಿಸಿದವರ ಮನೆಯ ತಟ್ಟೆಗೆ ಬರಲಿಲ್ಲ. ಅವರಿಗಿದ್ದದ್ದು ಬಟಾಟೆ, ಮತ್ತು ಬಟಾಟೆಯ ಸಿಪ್ಪೆ ತಿಂದು ಬೆಳೆಯುವ ಒಂದು ಹಂದಿ. ಆ ಹಂದಿಯನ್ನೂ ಹೆಚ್ಚಾಗಿ ಮಾರಿ ಧಣಿಗೆ ಗೇಣಿ ಕಟ್ಟುತ್ತಿದ್ದರು.

1845ರಲ್ಲಿ ಬಟಾಟೆಗೆ ಅಂಗಮಾರಿ ರೋಗ ಬಿತ್ತು. ದುಡಿಯುವ ಗಂಡಸು ದಿನಕ್ಕೆ 5 ಕಿಲೋಗೂ ಹೆಚ್ಚು ಬಟಾಟೆಯನ್ನೇ ತಿಂದು ಬದುಕುತ್ತಿದ್ದ ನಾಡು ಅದು. 1852ರವರೆಗೆ ಸುಮಾರು 10 ಲಕ್ಷ ಜನ ಹಸಿವು ಮತ್ತು ಜ್ವರಗಳಿಂದ ಸತ್ತರು, ಇನ್ನೂ ಸುಮಾರು 10 ಲಕ್ಷ ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಆ ವರ್ಷಗಳಲ್ಲಿಯೂ ಧಾನ್ಯ, ದನ, ಬೆಣ್ಣೆ ಬಂದರುಗಳಿಂದ ಹೊರದೇಶಕ್ಕೆ ಹೋಗುತ್ತಲೇ ಇದ್ದವು. ಬರಗಾಲದ ಮೊದಲ ವರ್ಷಗಳಲ್ಲಿ ಹೊರಗಿನಿಂದ ಬಂದ ದೊಡ್ಡ ದೇಣಿಗೆಗಳಲ್ಲಿ ಒಂದು ನಮ್ಮ ಕಲ್ಕತ್ತದಿಂದ ಹೋದದ್ದು. ಅಲ್ಲಿದ್ದ ಐರಿಷ್ ಸೈನಿಕರು, ಕಂಪನಿಯ ನೌಕರರು, ಮತ್ತು ಭಾರತೀಯರೂ ಸೇರಿ ಸುಮಾರು 14,000 ಪೌಂಡ್ ಕೂಡಿಸಿದ್ದರು.

ಹಡಗು ಹತ್ತಿದವರು ನ್ಯೂಯಾರ್ಕಿಗೆ ಬಂದು ಇಳಿದಾಗ ಊರಿನ ಬೇಕನ್ ದುಬಾರಿಯಾಗಿತ್ತು. ನೆರೆಯಲ್ಲಿ ಯೆಹೂದಿ ವಲಸಿಗರ ಮಾಂಸದಂಗಡಿಗಳಿದ್ದವು. ಅಲ್ಲಿ ಹಂದಿ ಇಲ್ಲ, ಆದರೆ ಉಪ್ಪಿನಲ್ಲಿಟ್ಟ ದನದ ಎದೆಮಾಂಸ ಅಗ್ಗ. ತರಕಾರಿಯಲ್ಲಿ ಕ್ಯಾಬೇಜು ಅಗ್ಗ. ಬೇಕನ್ ಬೇಯಿಸುತ್ತಿದ್ದ ರೀತಿಯಲ್ಲೇ ಅದನ್ನು ಬೇಯಿಸಿದರು. ತಾಯ್ನಾಡಿನಲ್ಲಿ ಕೈಗೆಟುಕದ ದನದ ಮಾಂಸ ಪರದೇಶದಲ್ಲಿ ಅವರ ಹಬ್ಬದ ಊಟವಾಯಿತು. ಆದ್ದರಿಂದ ಆಶ್ರಮದ ಅಜ್ಜಿಯರು ಅದನ್ನು ಅಮೆರಿಕದವರದ್ದು ಎಂದು ನಗುವಾಗ ನಾನು ಪೂರ್ತಿ ಅವರ ಪಕ್ಷಕ್ಕೆ ಸೇರಲಾರೆ. ಪರದೇಶದಲ್ಲಿ ಸಿಕ್ಕಿದ ಸಾಮಾನಿನಿಂದ ಊರ ಹಬ್ಬ ಮಾಡುವುದು ಏನೆಂದು ಗಲ್ಫಿನಲ್ಲಿರುವ ನಮ್ಮ ಕುಟುಂಬಗಳಿಗೆ ಚೆನ್ನಾಗಿ ಗೊತ್ತು.

ಈಗ ಸಿಹಿಗೆ ಬರೋಣ. ಐರಿಷ್ ಮನೆಯ ಎಲ್ಲ ಸಿಹಿಯ ಬುಡದಲ್ಲಿರುವುದು ಸೋಡಾ ಬ್ರೆಡ್. 19ನೇ ಶತಮಾನದಲ್ಲಿ ಅಡುಗೆ ಸೋಡಾ ಪೇಟೆಗೆ ಬಂದಾಗ ಐರಿಷ್ ಗೃಹಿಣಿಯರು ಅದನ್ನು ಎರಡೂ ಕೈಯಿಂದ ಸ್ವಾಗತಿಸಿದರು. ಕಾರಣ ಸರಳ. ಅಲ್ಲಿನ ಗೋಧಿ ಮೃದು ಜಾತಿಯದು, ಅದರಲ್ಲಿ ಜಿಗುಟು ಕಡಿಮೆ, ಯೀಸ್ಟ್ ಹಾಕಿದರೆ ಚೆನ್ನಾಗಿ ಉಬ್ಬುವುದಿಲ್ಲ. ಸೋಡಾಕ್ಕೆ ಜಿಗುಟು ಬೇಡ, ಹುಳಿ ಬೇಕು. ಹುಳಿ ಎಲ್ಲಿಂದ? ಬೆಣ್ಣೆ ಕಡೆದು ಉಳಿದ ಮಜ್ಜಿಗೆಯಿಂದ. ಬೆಣ್ಣೆಯನ್ನು ಮಾರುತ್ತಿದ್ದರು, ಅದು ಗೇಣಿಯ ದುಡ್ಡು. ಮನೆಗೆ ಉಳಿಯುತ್ತಿದ್ದುದು ಮಜ್ಜಿಗೆ. ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿದೊಡನೆ ಗಾಳಿಗುಳ್ಳೆ ಏಳುತ್ತದೆ, ಹಿಟ್ಟು ಉಬ್ಬುತ್ತದೆ. ಹಿಟ್ಟನ್ನು ನಾದಬಾರದು, ಕಾಯಬಾರದು, ಕೂಡಲೇ ಬೆಂಕಿಗೆ ಇಡಬೇಕು.

ಬಡವರ ಮನೆಯಲ್ಲಿ ಓವನ್ ಇರಲಿಲ್ಲ. ಮೂರು ಕಾಲಿನ, ಚಪ್ಪಟೆ ತಳದ, ಮುಚ್ಚಳವಿರುವ ಬಾಸ್ಟಿಬಲ್ ಎಂಬ ಕಬ್ಬಿಣದ ಪಾತ್ರೆ ಇತ್ತು. ಅದರೊಳಗೆ ಹಿಟ್ಟಿನ ಉಂಡೆ ಇಟ್ಟು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಅಲ್ಲಿನ ಇಂಧನ ಸೌದೆಯಲ್ಲ, ಜೌಗುನೆಲದಿಂದ ಕಡಿದು ಒಣಗಿಸಿದ ಟರ್ಫ್ ಎಂಬ ಕಪ್ಪು ಮಣ್ಣಿನ ಇಟ್ಟಿಗೆ. ಗೋವೆಯಲ್ಲಿ ಬೆಬಿಂಕಾ ಮಾಡುವಾಗ ಮೇಲೆ ಕೆಂಡ ಇಡುವುದನ್ನು ಕಂಡವರಿಗೆ ಈ ಉಪಾಯ ಹೊಸದಲ್ಲ. ಉಂಡೆಯ ಮೇಲೆ ಚೂರಿಯಿಂದ ಆಳವಾಗಿ ಶಿಲುಬೆಯ ಗುರುತು ಕೊರೆಯುತ್ತಾರೆ. ಒಳಗೂ ಬೇಯಲೆಂದು ಒಬ್ಬರು ಹೇಳುತ್ತಾರೆ, ದೇವರ ಆಶೀರ್ವಾದಕ್ಕೆಂದು ಇನ್ನೊಬ್ಬರು, ದೆವ್ವಗಳು ಹೊರಗೆ ಹೋಗಲೆಂದು ಮೂರನೆಯವರು. ಮೂವರೂ ಒಂದೇ ಮನೆಯವರೇ ಇರುತ್ತಾರೆ.

ವಾರದ ದಿನ ಬರೀ ಬ್ರೆಡ್ಡು. ಭಾನುವಾರ ಅಥವಾ ಹಬ್ಬವಾದರೆ ಅದೇ ಹಿಟ್ಟಿಗೆ ಒಂದು ಹಿಡಿ ಒಣದ್ರಾಕ್ಷಿ, ಒಂದು ಚಮಚ ಸಕ್ಕರೆ, ಅನುಕೂಲವಿದ್ದರೆ ಒಂದು ಮೊಟ್ಟೆ. ಅಷ್ಟಕ್ಕೇ ಅದರ ಹೆಸರು ಬದಲಾಗಿ ಕೇಕು ಎನಿಸಿಕೊಳ್ಳುತ್ತಿತ್ತು. ಬಿಳಿ ಮೈಯಲ್ಲಿ ಕಪ್ಪು ಚುಕ್ಕೆ ಕಾಣುವುದರಿಂದ ಕೆಲವು ಕಡೆ ಅದಕ್ಕೆ 'ಚುಕ್ಕೆ ನಾಯಿ' ಎಂಬ ತಮಾಷೆಯ ಹೆಸರು. ಅಮೆರಿಕದಲ್ಲಿ ಸಂತ ಪ್ಯಾಟ್ರಿಕರ ಹಬ್ಬಕ್ಕೆ ಮಾರುವ ಸೋಡಾ ಬ್ರೆಡ್ಡಿನಲ್ಲಿ ಬೆಣ್ಣೆ, ಮೊಟ್ಟೆ, ಸಕ್ಕರೆ, ಶಾಜೀರಿಗೆ ಎಲ್ಲ ಧಾರಾಳ. ಅದು ಹಬ್ಬದ ದಿನದ ಬ್ರೆಡ್ಡು ಪ್ರತಿದಿನದ ಬ್ರೆಡ್ಡಿನ ಹೆಸರಿನಲ್ಲಿ ಹಡಗು ಹತ್ತಿದ ಕಥೆ.

ಸೇಬಿನ ಸಿಹಿಗಳು ಇನ್ನೊಂದು ಬಗೆ. ಉತ್ತರದ ಆರ್ಮಾ ಜಿಲ್ಲೆ ಸೇಬಿನ ತೋಟಗಳಿಗೆ ಹೆಸರಾದದ್ದು. ಆ ಕಡೆಯ ಬಟಾಟೆ-ಸೇಬಿನ ಕೇಕು ನನಗೆ ಓದುವಾಗಲೇ ಬಾಯಲ್ಲಿ ನೀರೂರಿಸಿತು. ಬೇಯಿಸಿ ಹಿಸುಕಿದ ಬಟಾಟೆಗೆ ಸ್ವಲ್ಪ ಹಿಟ್ಟು, ಬೆಣ್ಣೆ ಸೇರಿಸಿ ಲಟ್ಟಿಸಿ, ನಡುವೆ ಹುಳಿ ಸೇಬಿನ ಹೋಳುಗಳನ್ನಿಟ್ಟು ಮಡಚಿ, ಕಾವಲಿಯ ಮೇಲೆ ನಿಧಾನವಾಗಿ ಸುಡುತ್ತಾರೆ. ಬೆಂದ ಮೇಲೆ ಅಂಚನ್ನು ಸೀಳಿ, ಒಳಗೆ ಬೆಣ್ಣೆ ಮತ್ತು ಸಕ್ಕರೆ ಹಾಕಿ ಮತ್ತೆ ಮುಚ್ಚುತ್ತಾರೆ. ಅದು ಕರಗಿ ಒಳಗೇ ಪಾಕವಾಗುತ್ತದೆ. ಬಟಾಟೆಯಿಂದಲೇ ಬದುಕಿ, ಬಟಾಟೆಯಿಂದಲೇ ಸತ್ತ ಜನ ಅದನ್ನು ಸಿಹಿಯಾಗಿಯೂ ಮಾಡಿಕೊಂಡರು.

ಕಡಲ ತೀರದವರಾದ ನಮಗೆ ವಿಶೇಷ ಎನಿಸುವುದು ಕ್ಯಾರಗೀನ್. ಇಳಿತದ ಹೊತ್ತಿನಲ್ಲಿ ಬಂಡೆಗಳಿಂದ ಕಿತ್ತು ತರುವ ಕೆಂಪು ಕಡಲಪಾಚಿ ಇದು. ಹುಲ್ಲಿನ ಮೇಲೆ ಹರಡಿ, ದಿನಗಟ್ಟಲೆ ಬಿಸಿಲು ಮಳೆಗೆ ಬಿಟ್ಟು ಬಣ್ಣ ಹೋಗುವವರೆಗೆ ಒಣಗಿಸುತ್ತಾರೆ. ಒಣಗಿದ ಪಾಚಿ 8 ಗ್ರಾಂ, ಹಾಲು 900 ಮಿಲಿ ಲೀಟರ್, ಸಣ್ಣ ಉರಿಯಲ್ಲಿ 20 ನಿಮಿಷ. ಸೋಸಿ, ಸಕ್ಕರೆ, ಮೊಟ್ಟೆ, ಸ್ವಲ್ಪ ವೆನಿಲ್ಲಾ ಸೇರಿಸಿ ಇಟ್ಟರೆ ತಣಿದಾಗ ತಾನೇ ಗಟ್ಟಿಯಾಗುತ್ತದೆ. ನಮ್ಮಲ್ಲಿ ಚೈನಾ ಗ್ರಾಸ್ ಹಾಕಿ ಪುಡ್ಡಿಂಗ್ ಮಾಡುವ ಕ್ರಮವೇ. ಕೆಮ್ಮು ದಮ್ಮಿಗೆ ಮನೆಮದ್ದಾಗಿಯೂ ಇದನ್ನು ಕುದಿಸಿ ಕೊಡುತ್ತಿದ್ದರು. ಹಾಗಾಗಿ ಎಷ್ಟೋ ಮಕ್ಕಳಿಗೆ ಇದರ ಮೇಲೆ ಕೋಪವೂ ಇತ್ತು. 1964ರಲ್ಲಿ ಕಾರ್ಕ್ ಜಿಲ್ಲೆಯ ಬಾಲಿಮಲೂ ಎಂಬಲ್ಲಿ ತಮ್ಮ ಮನೆಯ ಊಟದ ಕೋಣೆಯನ್ನೇ ಹೋಟೆಲಾಗಿ ತೆರೆದ ಮಿರ್ಟಲ್ ಅಲೆನ್ ಎಂಬ ಮಹಿಳೆ ಇಂಥ ಬಡವರ ಅಡುಗೆಯನ್ನು ಅತಿಥಿಗಳ ಮೇಜಿಗೆ ತಂದರು. 2018ರಲ್ಲಿ ಅವರು ತೀರಿಕೊಂಡಾಗ ದೇಶವೇ ಗೌರವಿಸಿತು.

ಐರಿಷ್ ಎಂಬ ಹೆಸರು ಹೊತ್ತು ತಿರುಗುವ ಇನ್ನು ಕೆಲವು ಸಿಹಿಗಳಿವೆ, ಅವುಗಳ ವಯಸ್ಸನ್ನೂ ಹೇಳಿಬಿಡುತ್ತೇನೆ. ಕೇಕಿಗೆ, ಐಸ್‌ಕ್ರೀಮಿಗೆ ಸುರಿಯುವ ಬೈಲೀಸ್ ಮದ್ಯ ಪೇಟೆಗೆ ಬಂದದ್ದು 1974ರಲ್ಲಿ. ಐರಿಷ್ ಕಾಫಿ 1940ರ ದಶಕದ್ದು, ಫಾಯ್ನ್ಸ್ ಎಂಬಲ್ಲಿ ಕಡಲ ವಿಮಾನದಿಂದ ಇಳಿದು ನಡುಗುತ್ತಿದ್ದ ಪ್ರಯಾಣಿಕರಿಗಾಗಿ ಮಾಡಿದ್ದು. ಮೆಕ್‌ಡೊನಾಲ್ಡ್ಸ್‌ನ ಹಸಿರು ಶ್ಯಾಮ್‌ರಾಕ್ ಶೇಕ್ 1970ರದು. ಫಿಲಡೆಲ್ಫಿಯಾ ನಗರದಲ್ಲಿ 'ಐರಿಷ್ ಪೊಟಾಟೊ' ಎಂಬ ಮಿಠಾಯಿ ಇದೆ. ಅದರಲ್ಲಿ ಬಟಾಟೆಯ ಚೂರೂ ಇಲ್ಲ. ತೆಂಗಿನಕಾಯಿ ತುರಿ, ಸಕ್ಕರೆ, ಕೆನೆಯ ಚೀಸ್ ಸೇರಿಸಿ ಉಂಡೆ ಕಟ್ಟಿ, ಮಣ್ಣು ಮೆತ್ತಿದ ಬಟಾಟೆಯಂತೆ ಕಾಣಲು ದಾಲ್ಚಿನ್ನಿ ಪುಡಿಯಲ್ಲಿ ಹೊರಳಿಸುತ್ತಾರೆ. ತೆಂಗಿನಕಾಯಿಯಿಂದ ಐರಿಷ್ ಬಟಾಟೆ! ನಮ್ಮ ದಾದಿಯವರಿಗೆ ಸುಲಭ ದಾರಿ ಇದೇ ಆಗಿತ್ತು. ಆದರೆ ಬರಗಾಲದ ಕಥೆ ಓದಿದ ಮೇಲೆ ಅದನ್ನು ಸೂಚಿಸಲು ನನಗೆ ಮನಸ್ಸಾಗಲಿಲ್ಲ.

ನಾನು ಸೂಚಿಸಿದ್ದು ಟೀ ಬ್ರ್ಯಾಕ್. ಇದು ಬಾರ್ಮ್‌ಬ್ರ್ಯಾಕ್ ಎಂಬ ಹಳೆಯ ಬ್ರೆಡ್ಡಿನ ಸುಲಭ ರೂಪ. ಐರಿಷ್ ಭಾಷೆಯಲ್ಲಿ ಬ್ರ್ಯಾಕ್ ಎಂದರೆ ಚುಕ್ಕೆ ಚುಕ್ಕೆಯಾದದ್ದು. ಸಕಲ ಸಂತರ ಹಬ್ಬದ ಹಿಂದಿನ ರಾತ್ರಿ, ಅಂದರೆ ಅಕ್ಟೋಬರ್ 31ರಂದು, ಇದರೊಳಗೆ ಒಂದು ಉಂಗುರ ಬಚ್ಚಿಟ್ಟು ಸುಡುತ್ತಾರೆ. ಉಂಗುರ ಯಾರ ತುಂಡಿನಲ್ಲಿ ಸಿಕ್ಕಿತೋ ಅವರಿಗೆ ವರ್ಷದೊಳಗೆ ಮದುವೆ. ಹಿಂದೆ ನಾಣ್ಯ, ಬಟ್ಟೆಚೂರು, ಬಟಾಣಿ, ಕಡ್ಡಿ ಎಲ್ಲವನ್ನೂ ಇಡುತ್ತಿದ್ದರು. ನಾಣ್ಯ ಸಿಕ್ಕಿದವರಿಗೆ ಸಂಪತ್ತು, ಬಟ್ಟೆಚೂರು ಸಿಕ್ಕಿದವರಿಗೆ ಬಡತನ. ಉಂಗುರವಿಲ್ಲದ ಬ್ರ್ಯಾಕ್ ವರ್ಷವಿಡೀ ಚಹಾದ ಜೊತೆಗಿರುತ್ತದೆ. ಸಂತ ಪ್ಯಾಟ್ರಿಕರ ದಿನಕ್ಕೂ ಸಲ್ಲುತ್ತದೆ.

ಮಾಡುವ ಕ್ರಮ ಹೀಗೆ. ಎರಡು ಮೂರು ಬಗೆಯ ಒಣದ್ರಾಕ್ಷಿ ಸೇರಿ 350 ಗ್ರಾಂ, ಕಂದು ಸಕ್ಕರೆ 200 ಗ್ರಾಂ. ಇವೆರಡನ್ನೂ 300 ಮಿಲಿ ಲೀಟರ್ ಬಿಸಿ ಕಡು ಚಹಾದಲ್ಲಿ ರಾತ್ರಿಯಿಡೀ ನೆನೆಹಾಕಿ. ಚಹಾಕ್ಕೆ ಹಾಲು ಬೇಡ. ನಮ್ಮಲ್ಲಿ ಕಂದು ಸಕ್ಕರೆ ಸಿಗದಿದ್ದರೆ ಪುಡಿ ಬೆಲ್ಲವೂ ಆದೀತು. ಬೆಳಿಗ್ಗೆ ದ್ರಾಕ್ಷಿ ಚಹಾವನ್ನೆಲ್ಲ ಹೀರಿ ಉಬ್ಬಿರುತ್ತದೆ. ಅದಕ್ಕೆ ಒಂದು ಮೊಟ್ಟೆ ಕಲಸಿ, 250 ಗ್ರಾಂ ಮೈದಾ, ಎರಡೂವರೆ ಚಹಾಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಸ್ವಲ್ಪ ದಾಲ್ಚಿನ್ನಿ ಮತ್ತು ಜಾಯಿಕಾಯಿ ಪುಡಿ ಸೇರಿಸಿ. ಬೆಣ್ಣೆ, ಎಣ್ಣೆ ಯಾವುದೂ ಹಿಟ್ಟಿಗೆ ಇಲ್ಲ. ಉದ್ದನೆಯ ಬ್ರೆಡ್ ಅಚ್ಚಿಗೆ ಹಾಕಿ 170 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು ಒಂದೂಕಾಲು ಗಂಟೆ. ಕಡ್ಡಿ ಚುಚ್ಚಿ ನೋಡಿ, ಅಂಟದಿದ್ದರೆ ಬೆಂದಿದೆ. ಅದೇ ದಿನ ಕತ್ತರಿಸಬೇಡಿ. ಮರುದಿನಕ್ಕೆ ರುಚಿ ಹೆಚ್ಚು.

ಹಬ್ಬ ಕಳೆದ ಎರಡು ದಿನಕ್ಕೆ ದಾದಿಯವರ ಫೋನ್ ಬಂತು. ಶಾಲೆಯಲ್ಲಿ ಹಸಿರು ಕೇಕುಗಳೇ ಮೊದಲು ಖಾಲಿಯಾದವಂತೆ, ಮಕ್ಕಳಲ್ಲವೇ. ಉಳಿದ ಅರ್ಧ ಬ್ರ್ಯಾಕನ್ನು ಅವರು ಆಶ್ರಮಕ್ಕೆ ಕೊಂಡೊಯ್ದು ಚಹಾದ ಹೊತ್ತಿಗೆ ಹೋಳು ಮಾಡಿ ಕೊಟ್ಟರು. ತೊಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಹೋಳನ್ನು ಮೂಸಿ ನೋಡಿ, ತಿರುಗಿಸಿ ನೋಡಿ, ತಿನ್ನದೆ ತಟ್ಟೆಯಲ್ಲೇ ಇಟ್ಟರು. ತಪ್ಪಾಯಿತೇನೋ ಎಂದು ಇವರು ಹತ್ತಿರ ಹೋದರೆ ಅಜ್ಜಿ ಕೇಳಿದ್ದು ಒಂದೇ, "ಬೆಣ್ಣೆ ಎಲ್ಲಿ?" ಇವರು ಅಡುಗೆಮನೆಗೆ ಓಡಿ ಬೆಣ್ಣೆ ತಂದರು. ಅಜ್ಜಿ ಹೋಳಿನ ದಪ್ಪಕ್ಕೆ ಸರಿಸಮನಾಗಿ ಬಳಿದುಕೊಂಡು, ಎರಡು ಹೋಳು ತಿಂದು, ಮೂರನೆಯದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೋಣೆಗೆ ಕೊಂಡುಹೋದರಂತೆ.